ಮಗುವಿನ ಬಳಿ ನಿಲ್ಲತಕ್ಕವರು ಯಾರು?

ನ್ಯಾಯಾಲಯದ ಮೆಟ್ಟಿಲೇರಬೇಕಾಗಿ ಬಂದ ಒಂದು ಮಗುವನ್ನು ಕಲ್ಪಿಸಿಕೊಳ್ಳಿರಿ. ಮನೆಯಲ್ಲಿ ಅದರ ಮಾತು ತುಳು, ಶಾಲೆಯಲ್ಲಿ ಕನ್ನಡ. ಕಚೇರಿಯ ವ್ಯವಹಾರವೆಲ್ಲ ಬಹುಮಟ್ಟಿಗೆ ಮಲಯಾಳ. ತನಗಾದ ಅನ್ಯಾಯವನ್ನು ಅದು ಹೇಳುವುದಾದರೂ ಹೇಗೆ? ಜೊತೆಯಲ್ಲಿ ಕುಳಿತು, ನಡೆಯುತ್ತಿರುವುದನ್ನು ಅದರ ಭಾಷೆಯಲ್ಲಿಯೇ ತಿಳಿಯಹೇಳುವ ಹಿರಿಯರೊಬ್ಬರು ಬೇಕು. 2012ರ ಪೋಕ್ಸೋ ಕಾಯಿದೆ ಭಾಷಾಂತರಕಾರರ ನೆರವಿಗೆ ಅವಕಾಶ ಕೊಟ್ಟಿದೆ. 2020ರ ನಿಯಮಗಳಂತೆ ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿಯು, ಮಗುವಿನ ಮತ್ತು ಪೋಷಕರ ಒಪ್ಪಿಗೆ ಪಡೆದು, ಒಬ್ಬ ಸಹಾಯಕ ವ್ಯಕ್ತಿಯನ್ನು ನೇಮಿಸಬಹುದು.

ಇಂಥ ಸೇವೆಗೆ ಮುಂದೆ ಬಂದವರನ್ನೆಲ್ಲ ಕಣ್ಣುಮುಚ್ಚಿ ಸ್ವೀಕರಿಸಬಹುದೇ? ಪರದೇಶದ ಪೌರರು ಬಂದರೆ ಏನು ಮಾಡಬೇಕು? ನಮ್ಮ ಅನೇಕ ಕುಟುಂಬಗಳ ಮಕ್ಕಳು ಹೊರನಾಡಿನಲ್ಲಿರುವುದರಿಂದ ಈ ಪ್ರಶ್ನೆ ನಮಗೆ ದೂರದ್ದಲ್ಲ.

ಅಮೆರಿಕದ ಸಿಯಾಟಲ್ ನಗರದಲ್ಲಿ 1977ರಲ್ಲಿ ನ್ಯಾಯಾಧೀಶ ಡೇವಿಡ್ ಸೂಕಪ್ ಅವರು, ಅನಾದರಕ್ಕೊಳಗಾದ ಮಕ್ಕಳ ಪರವಾಗಿ ನ್ಯಾಯಾಲಯದಲ್ಲಿ ಮಾತನಾಡಲು ಸಾಮಾನ್ಯ ನಾಗರಿಕರನ್ನೇ ಸ್ವಯಂಸೇವಕರನ್ನಾಗಿ ತರಬೇತುಗೊಳಿಸುವ ಪದ್ಧತಿಯನ್ನು ಆರಂಭಿಸಿದರು. ಅದು ಇಂದು ಆ ದೇಶದಲ್ಲೆಲ್ಲ ಹಬ್ಬಿದೆ. ಅಲ್ಲಿ ಉದ್ಯೋಗಕ್ಕಾಗಿ ನೆಲೆಸಿದ, ಇನ್ನೂ ಭಾರತದ ಪೌರನೇ ಆಗಿರುವ ಕನ್ನಡಿಗನೊಬ್ಬನು ಈ ಸೇವೆಗೆ ಮುಂದಾದನೆನ್ನೋಣ. ಅವನ ಬೆರಳಚ್ಚನ್ನು ಪರಿಶೀಲಿಸಿದರೆ ಸಿಗುವುದು ಆ ದೇಶದ ದಾಖಲೆ ಮಾತ್ರ. ಅವನು ಮಂಗಳೂರಿನಲ್ಲಿ ಕಳೆದ ಇಪ್ಪತ್ತೈದು ವರ್ಷಗಳ ವಿಚಾರದಲ್ಲಿ ಆ ದಾಖಲೆ ಮೌನವಾಗಿರುತ್ತದೆ. ಆ ಮೌನವನ್ನು ಸನ್ನಡತೆಯೆಂದು ತಿಳಿಯುವುದೂ ತಪ್ಪು, ದೋಷವೆಂದು ತಿಳಿಯುವುದೂ ತಪ್ಪು. ಭಾರತದ ರಾಯಭಾರ ಕಚೇರಿಯ ಮೂಲಕ ಪೊಲೀಸ್ ಪ್ರಮಾಣಪತ್ರವನ್ನು ತರಿಸಿಕೊಳ್ಳುವುದೇ ಸರಿಯಾದ ದಾರಿ.

ಇದೇ ಮಾತನ್ನು ನಮ್ಮ ಉಪ್ಪಳಕ್ಕೆ ಅನ್ವಯಿಸಿ ನೋಡಿರಿ. ಗಲ್ಫ್ ದೇಶದಲ್ಲಿ ಇಪ್ಪತ್ತು ವರ್ಷ ದುಡಿದು ಮರಳಿದವರು ಭಾರತದ ಪೌರರೇ. ಆದರೆ ಆ ಇಪ್ಪತ್ತು ವರ್ಷಗಳ ಸಂಗತಿ ಇಲ್ಲಿಯ ಪೊಲೀಸ್ ಠಾಣೆಗೆ ಹೇಗೆ ತಿಳಿದೀತು? ಆದುದರಿಂದ ಕೇಳತಕ್ಕ ಮೊದಲ ಪ್ರಶ್ನೆ "ನೀವು ಯಾವ ದೇಶದವರು?" ಎಂಬುದಲ್ಲ, "ಎಲ್ಲೆಲ್ಲಿ, ಎಷ್ಟೆಷ್ಟು ಕಾಲ ವಾಸವಾಗಿದ್ದಿರಿ?" ಎಂಬುದು. ವಾಸವಿದ್ದ ಪ್ರತಿಯೊಂದು ದೇಶದ ಪ್ರಮಾಣಪತ್ರವೂ ಬೇಕು. ವಿದೇಶೀಯರಾದರೆ ಪಾಸ್‌ಪೋರ್ಟನ್ನು ನೋಡುವುದಲ್ಲದೆ, ಅವರ ವೀಸಾ ಇಂಥ ಸೇವೆಗೆ ಅನುಮತಿ ಕೊಡುತ್ತದೆಯೇ ಎಂಬುದನ್ನೂ ವಿಚಾರಿಸಬೇಕು.

ಆದರೂ ಕಾಗದವೊಂದೇ ಸಾಲದು. ಮಕ್ಕಳ ಮೇಲಿನ ಅಪರಾಧಗಳಲ್ಲಿ ಎಷ್ಟೋ ದೂರಾಗಿ ಠಾಣೆಯನ್ನು ಮುಟ್ಟುವುದೇ ಇಲ್ಲ. ಆದಕಾರಣ ಬಂಧುಗಳಲ್ಲದ ಇಬ್ಬರು ಮೂವರನ್ನು ವಿಚಾರಿಸುವುದು, ಮುಖಾಮುಖಿ ಮಾತನಾಡುವುದು, ತರಬೇತಿ ಕೊಡುವುದು, ಮಗುವಿನೊಡನೆ ಏಕಾಂತದಲ್ಲಿರಲು ಬಿಡದಿರುವುದು, ಇವೆಲ್ಲ ಅವಶ್ಯಕ. ನೆರೆಮನೆಯವರಿಗೂ, ಊರಿನ ಗಣ್ಯರಿಗೂ ಇದೇ ನಿಯಮ. ಮಕ್ಕಳೊಡನೆ ಒಡನಾಡುವ ಶಾಲೆ ಮುಂತಾದ ಸಂಸ್ಥೆಗಳು ತಮ್ಮ ಸಿಬ್ಬಂದಿಯ ಪೂರ್ವಾಪರವನ್ನು ಪೊಲೀಸರ ಮೂಲಕ ಆಗಾಗ ಪರಿಶೀಲಿಸಬೇಕೆಂದು 2020ರ ನಿಯಮಗಳೇ ವಿಧಿಸಿವೆ.

ಪೋಷಕರೇ, ನಿಮ್ಮನ್ನು ಹೀಗೆ ವಿಚಾರಿಸಿದರೆ ಬೇಸರಿಸಬೇಡಿರಿ. ಒರೆಗೆ ಹಚ್ಚಿದ ಮಾತ್ರಕ್ಕೆ ಚಿನ್ನಕ್ಕೆ ಅವಮಾನವಾಗುವುದಿಲ್ಲ. ವಿದ್ಯಾರ್ಥಿಗಳೇ, ಸಹಾಯಕ್ಕೆಂದು ಬಂದವರೇ "ಇದನ್ನು ಮನೆಯಲ್ಲಿ ಹೇಳಬೇಡ" ಎಂದರೆ, ಅದನ್ನೇ ಮೊದಲು ಮನೆಯಲ್ಲಿ ಹೇಳಿರಿ. ಹೇಳಲು ಯಾರೂ ಇಲ್ಲವೆನಿಸಿದರೆ 1098 ಎಂಬ ಸಂಖ್ಯೆಗೆ ಹಗಲಿರುಳೆನ್ನದೆ ಉಚಿತವಾಗಿ ಕರೆಮಾಡಬಹುದು. ಆ ಸಂಖ್ಯೆ ನಿಮಗಾಗಿಯೇ ಇದೆ.