ಅನುಕರಣವೂ ಅಭಿನಯವೂ

ನಾಟ್ಯವು ಅನುಕರಣವೆಂಬ ಮತವನ್ನು ಶ್ರೀಶಂಕುಕನು ಸ್ಥಾಪಿಸಿದನು. ಚಿತ್ರದಲ್ಲಿ ಬರೆದ ಕುದುರೆಯನ್ನು ಕಂಡವನು ಅದನ್ನು ಕುದುರೆಯೆಂದೇ ಗ್ರಹಿಸುವಂತೆ ಪ್ರೇಕ್ಷಕನು ನಟನಲ್ಲಿ ರಾಮನನ್ನು ಗ್ರಹಿಸುವನೆಂಬುದು ಅವನ ವಾದ. ಅಭಿನವಗುಪ್ತನ ಗುರುವಾದ ಭಟ್ಟತೌತನು ಇದನ್ನೊಪ್ಪಲಿಲ್ಲ. ರಾಮನನ್ನು ಕಂಡವರೇ ಇಲ್ಲದಿರುವಾಗ, ಇದು ಅವನ ಅನುಕರಣವೆಂಬ ಜ್ಞಾನವು ಹುಟ್ಟುವುದೆಂತು?

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳ ಸೀಮೆಯಲ್ಲಿ ಈ ಆಕ್ಷೇಪಕ್ಕೆ ಉತ್ತಮ ನಿದರ್ಶನವುಂಟು. 'ಸಂಗ್ಯಾ ಬಾಳ್ಯಾ' ಸಣ್ಣಾಟವು ಬೈಲಹೊಂಗಲದಲ್ಲಿ ನಡೆದ ಕೊಲೆಯೊಂದರ ಕಥೆ. ಆ ಸಂಗ್ಯಾನ ಮುಖವನ್ನು ಇಂದಿನ ಪ್ರೇಕ್ಷಕರಾರೂ ಅರಿಯರು. ಆದರೂ ಗೆಳೆಯನ ದ್ರೋಹವು ಮನಸ್ಸನ್ನು ಕಲಕುತ್ತದೆ. ಇಲ್ಲಿ ಹೋಲಿಕೆಯ ಪ್ರಶ್ನೆಯೇ ಏಳದು.

ರಸಮಂಜರಿಗಳಲ್ಲಿ 'ಜೂನಿಯರ್' ರಾಜಕುಮಾರ್, 'ಜೂನಿಯರ್' ವಿಷ್ಣುವರ್ಧನ್ ಎಂದು ಕುಣಿದು ಜೀವಿಸುವ ಕಲಾವಿದರ ಸ್ಥಿತಿಯು ಬೇರೆ. 2006ರಲ್ಲಿ ರಾಜಕುಮಾರರೂ 2009ರಲ್ಲಿ ವಿಷ್ಣುವರ್ಧನರೂ ಗತಿಸಿದರೂ ಅವರ ನಡೆನುಡಿಗಳು ಚಲಚ್ಚಿತ್ರಗಳಲ್ಲಿ ಉಳಿದಿವೆ. ಮೂಲವು ಸರ್ವವಿದಿತವಾದುದರಿಂದ ತೌತನು ಕೇಳಿದ ನಿಬಂಧನೆಯು ಇಲ್ಲಿ ನೆರವೇರಿ, ಅನುಕರಣವು ಯಥಾರ್ಥವಾಗಿ ಅನುಕರಣವೇ ಆಗುತ್ತದೆ.

'ಎದೆ ತುಂಬಿ ಹಾಡುವೆನು', 'ಸರಿಗಮಪ' ಮೊದಲಾದ ಕಿರುತೆರೆಯ ಸ್ಪರ್ಧೆಗಳು ಇವೆರಡರ ನಡುವೆ ನಿಲ್ಲುತ್ತವೆ. ಸ್ಪರ್ಧಾಳುವು ಅನ್ಯರು ಹಾಡಿದ ಚಿತ್ರಗೀತೆಯಿಂದ ಆರಂಭಿಸಿದರೂ ಸ್ವಕಂಠದಿಂದ ಸ್ವಂತ ಹೆಸರನ್ನು ಗಳಿಸಬಲ್ಲನು. 'ಜೂನಿಯರ್' ನಟನಿಗೆ ಆ ಮಾರ್ಗವಿಲ್ಲ. ಹೋಲಿಕೆಯನ್ನು ಬಿಟ್ಟರೆ ಜೀವನೋಪಾಯವೇ ತಪ್ಪುವುದು. ಚಿತ್ರದ ಕುದುರೆಯನ್ನು ಮೆಚ್ಚಿದವರು ಚಿತ್ರಕಾರನ ಹೆಸರನ್ನೂ ವಿಚಾರಿಸುವರು. ಜಾತ್ರೆ ಉತ್ಸವಗಳ ವ್ಯವಸ್ಥಾಪಕರು ಈ ನಟರ ಸ್ವನಾಮವನ್ನೂ ಸಾರಿದಲ್ಲಿ ಅವರಿಗೆ ಸಲ್ಲತಕ್ಕ ನ್ಯಾಯವು ಸಂದೀತು.