ತಿದಿಯ ಉಸಿರು ಹಿಡಿಯುವುದು ಹೇಗೆ?

ಅಕಾರ್ಡಿಯನ್ ನಮ್ಮ ಹಾರ್ಮೋನಿಯಂನ ದಾಯಾದಿ. ಎರಡಕ್ಕೂ ಲೋಹದ ರೀಡುಗಳೇ ಗಂಟಲು, ತಿದಿಯೇ ಶ್ವಾಸಕೋಶ. 1829ರಲ್ಲಿ ವಿಯೆನ್ನಾದ ಸಿರಿಲ್ ಡೆಮಿಯನ್ ಈ ಹೆಸರಿನ ವಾದ್ಯಕ್ಕೆ ಪೇಟೆಂಟ್ ಪಡೆದ. 2004ರಲ್ಲಿ ಜಪಾನಿನ ರೋಲ್ಯಾಂಡ್ ಕಂಪೆನಿ ರೀಡುಗಳೇ ಇಲ್ಲದ ವಿ-ಅಕಾರ್ಡಿಯನ್ ತಂದಿತು. ತಿದಿ ಮಾತ್ರ ಉಳಿಯಿತು. ಅದರೊಳಗಿನ ಒತ್ತಡವನ್ನು ಸೆನ್ಸರ್ ಅಳೆಯುತ್ತದೆ. ಅದಕ್ಕೆ ತಕ್ಕಂತೆ ನಾದ ಏರಿಳಿಯುತ್ತದೆ.

ಇಂಥ ವಾದ್ಯ ಮನೆಗೆ ಬಂದು, ಮಕ್ಕಳು ನುಡಿಸಿದ್ದನ್ನು ಕಂಪ್ಯೂಟರಿನಲ್ಲಿ ಹಿಡಿದಿಡುವ ಹೊತ್ತಿಗೆ ಪ್ರಶ್ನೆ ಏಳುತ್ತದೆ: ಮಿಡಿಯೋ, ಆಡಿಯೋ?

ಮಿಡಿ ಎಂದರೆ ನಾದವಲ್ಲ, ಸೂಚನೆ. ಯಾವ ಕೀಲಿ ಒತ್ತಲಾಯಿತು, ಯಾವಾಗ ಬಿಡಲಾಯಿತು, ತಿದಿಯನ್ನು ಎಷ್ಟು ಬಿಗಿಯಾಗಿ ಎಳೆಯಲಾಯಿತು ಎಂಬುದರ ಲೆಕ್ಕಪತ್ರ. ಬೇರೆ ಬೇರೆ ಕಂಪೆನಿಗಳ ವಾದ್ಯಗಳು ಪರಸ್ಪರ ಮಾತನಾಡಲೆಂದು 1983ರಲ್ಲಿ ಈ ಭಾಷೆ ಬಳಕೆಗೆ ಬಂತು. ಆಡಿಯೋ ಎಂದರೆ ಕಿವಿಗೆ ಬಿದ್ದ ನಾದವೇ. ಒಂದು ಅಡುಗೆಯ ವಿಧಾನ ಬರೆದಿಟ್ಟ ಚೀಟಿ. ಇನ್ನೊಂದು ಎಲೆಗೆ ಬಡಿಸಿದ ಅಡುಗೆ.

ಚೀಟಿ ಹಗುರ. ಸಿ.ಡಿ. ಗುಣಮಟ್ಟದ ಸ್ಟೀರಿಯೋ ಆಡಿಯೋಗೆ ನಿಮಿಷಕ್ಕೆ ಸುಮಾರು 10 ಮೆಗಾಬೈಟ್ ಬೇಕು. ಮಿಡಿಗೆ ಅದರ ಅತಿ ಸಣ್ಣ ಪಾಲು ಸಾಕು. ತಪ್ಪಿದ ಒಂದು ಸ್ವರವನ್ನಷ್ಟೇ ತಿದ್ದಬಹುದು, ಶ್ರುತಿ ಬದಲಿಸಬಹುದು, ವೇಗ ತಗ್ಗಿಸಿ ಕೇಳಬಹುದು. ಆಡಿಯೋದಲ್ಲಿ ಎರಡು ಕೈಗಳ ನಾದವೂ ಬೆರೆತಿರುವುದರಿಂದ ಒಂದೇ ಸ್ವರವನ್ನು ಹೆಕ್ಕಿ ತೆಗೆಯುವುದು ಕಷ್ಟ.

ಆದರೆ ಚೀಟಿ ಓದಿ ಬೇರೊಬ್ಬರು ಮಾಡಿದ ಅಡುಗೆಗೆ ಅದೇ ರುಚಿ ಬರುತ್ತದೆಯೇ? ಅದೇ ಮಿಡಿ ಕಡತ ಬೇರೆ ಕಂಪ್ಯೂಟರಿನಲ್ಲಿ ಆ ಯಂತ್ರದ ಅಕಾರ್ಡಿಯನ್ ದನಿಯಲ್ಲೇ ನುಡಿಯುತ್ತದೆ. ಅದಕ್ಕಿಂತ ದೊಡ್ಡ ನಷ್ಟ ತಿದಿಯದು. ತಿದಿಯ ಚಲನೆ ಸಾಮಾನ್ಯವಾಗಿ 0ಯಿಂದ 127ರವರೆಗಿನ ಅಂಕಿಗಳಾಗಿ, 'ಎಕ್ಸ್‌ಪ್ರೆಷನ್' ಎಂಬ 11ನೇ ಸಂಖ್ಯೆಯ ಸೂಚನೆಯಾಗಿ ಹೋಗುತ್ತದೆ. ಅದು ದಾಖಲಾಗದಿದ್ದರೆ, ಇಲ್ಲವೇ ಕೇಳಿಸುವ ಯಂತ್ರ ಅದನ್ನು ಗಣಿಸದಿದ್ದರೆ, ಸ್ವರಗಳೆಲ್ಲ ಸರಿಯಿದ್ದೂ ಉಸಿರೇ ಇರುವುದಿಲ್ಲ. ಸ್ಪರ್ಧೆಗೆ ಕೇವಲ ಮಿಡಿ ಕಳುಹಿಸಿದ ವಿದ್ಯಾರ್ಥಿಯ ತಿಂಗಳ ಶ್ರಮ ಹೀಗೆ ಮಣ್ಣುಪಾಲಾಗಬಹುದು.

ಜಾಣತನದ ದಾರಿ ಎರಡನ್ನೂ ಒಟ್ಟಿಗೆ ದಾಖಲಿಸುವುದು. ವಾದ್ಯದ ಆಡಿಯೋ ಔಟ್‌ಪುಟ್‌ನಿಂದ ಇಂಟರ್‌ಫೇಸ್‌ಗೆ ಕೇಬಲ್ ಎಳೆದರೆ ಕುಕ್ಕರ್ ಶಿಳ್ಳೆ, ರಸ್ತೆಯ ಹಾರನ್ ಸೇರುವುದಿಲ್ಲ. ದನಿಯ ಮಟ್ಟ ಕೆಂಪು ಗೆರೆ ಮುಟ್ಟದಂತೆ ನೋಡಿಕೊಳ್ಳಬೇಕು. ಒಡೆದ ನಾದವನ್ನು ಸರಿಪಡಿಸುವುದು ಕಷ್ಟ. ಅದೇ ವೇಳೆಗೆ ಮಿಡಿ ಇನ್ನೊಂದು ಟ್ರ್ಯಾಕ್‌ನಲ್ಲಿ ದಾಖಲಾಗಲಿ. ಮುಂದೆ ತಿದ್ದಿದ ಮಿಡಿಯನ್ನು ಅದೇ ವಾದ್ಯಕ್ಕೆ ಮರಳಿ ಕಳುಹಿಸಿ, ಅದು ನುಡಿದದ್ದನ್ನು ಆಡಿಯೋ ಆಗಿ ಹಿಡಿಯಲೂಬಹುದು.

ಇಲ್ಲೊಂದು ಎಚ್ಚರಿಕೆ. ಪರದೆಯ ಮೇಲೆ ತಪ್ಪನ್ನು ಅಳಿಸಿದ ಮಾತ್ರಕ್ಕೆ ಅದು ಬೆರಳಿನಿಂದ ಅಳಿಸಿಹೋಗುವುದಿಲ್ಲ. ಯಾವ ಸ್ವರ ತಡವಾಯಿತು, ಎಲ್ಲಿ ತಾಳ ಜಾರಿತು ಎಂದು ಮಿಡಿ ಕಣ್ಣಿಗೆ ಕಟ್ಟುವಂತೆ ತೋರಿಸುತ್ತದೆ. ಅದನ್ನು ಕನ್ನಡಿಯಾಗಿ ಬಳಸಿ ಮತ್ತೆ ಅಭ್ಯಾಸ ಮಾಡುವವರಿಗೆ ಅದು ಗುರುವಿನ ಸಹಾಯಕ. ಪರೀಕ್ಷೆಗೋ ಸ್ಪರ್ಧೆಗೋ ಕಳುಹಿಸುವಾಗ ಮಾತ್ರ, ನುಡಿಸಿದ್ದನ್ನು ನುಡಿಸಿದಂತೆಯೇ ಹೇಳುವ ಆಡಿಯೋ ಮೇಲು. ಕಲಿಕೆಗೆ ಮಿಡಿ, ಕೇಳುಗರಿಗೆ ಆಡಿಯೋ. ಇಷ್ಟು ನೆನಪಿದ್ದರೆ ದುಬಾರಿ ವಾದ್ಯಕ್ಕೆ ಹೆತ್ತವರು ಸುರಿದ ಹಣಕ್ಕೂ ಮಕ್ಕಳ ಶ್ರಮಕ್ಕೂ ಬೆಲೆ ಬಂದೀತು.