ನಾಲ್ಕಂಕಿಯ ಬಡ ಕಂಪ್ಯೂಟರ್

ವಿ. ರಾಜಾರಾಮನ್ ಅವರ ‘ಕಂಪ್ಯೂಟರ್ ಓರಿಯೆಂಟೆಡ್ ನ್ಯೂಮರಿಕಲ್ ಮೆಥಡ್ಸ್’ (1971) ತೆರೆದರೆ, ಸಮೀಕರಣ ಬಿಡಿಸುವುದಕ್ಕೂ ಮೊದಲು ಒಂದು ಬಡಪಾಯಿ ಕಂಪ್ಯೂಟರ್ ಎದುರಾಗುತ್ತದೆ. ಯಾವುದೇ ಸಂಖ್ಯೆಯ ನಾಲ್ಕಕ್ಕಿಂತ ಹೆಚ್ಚು ಸಾರ್ಥಕ ಅಂಕಿ ಹಿಡಿದಿಟ್ಟುಕೊಳ್ಳಲಾಗದ ಕಾಲ್ಪನಿಕ ಯಂತ್ರ ಅದು. ಕಾನ್ಪುರದ ಐಐಟಿಯಲ್ಲಿದ್ದು 1982ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದ ಈ ಮೇಷ್ಟ್ರ ಪುಸ್ತಕಗಳು ಯಾರಿಗೆ ಗೊತ್ತಿಲ್ಲ? ಆದರೆ ನಮ್ಮ ಪಾಲಹಳ್ಳಿ ಕಡೆಯಿಂದ ಬೆಳವಾಡಿಗೋ ಕೆ.ಆರ್. ಪೇಟೆಗೋ ಇಂಜಿನಿಯರಿಂಗ್ ಓದಲು ಹೋಗುವವರಿಗೆ ನ್ಯೂಮರಿಕಲ್ ಮೆಥಡ್ಸ್ ಎಂದರೆ ನ್ಯೂಟನ್-ರಾಫ್ಸನ್, ಸಿಂಪ್ಸನ್, ರುಂಗೆ-ಕುಟ್ಟ. ಅಂದರೆ ಪಾಸಾಗಲು ಸಾಕಾಗುವಷ್ಟು ಪಾಠಗಳ ‘ಪಾಸಿಂಗ್ ಪ್ಯಾಕೇಜ್’. ಈ ಪಟ್ಟಿಗಿಂತ ಆ ಬಡ ಯಂತ್ರವೇ ಮುಖ್ಯ ಎಂಬುದು ನನ್ನ ವಾದ.

ಯಂತ್ರ ಅವರದು, ಉದಾಹರಣೆ ನನ್ನದು. ಒಂದು ಸಂಖ್ಯೆಯ ವರ್ಗದಿಂದ ಅದರ 200 ಪಟ್ಟನ್ನು ಕಳೆದು 1 ಕೂಡಿಸಿದರೆ ಸೊನ್ನೆ ಬರಬೇಕು. ಹೈಸ್ಕೂಲಿನ ಸೂತ್ರದಂತೆ 200ರ ವರ್ಗವಾದ 40,000ದಲ್ಲಿ 4 ಕಳೆದು ವರ್ಗಮೂಲ ತೆಗೆಯಬೇಕು. ನಾಲ್ಕಂಕಿಯ ಯಂತ್ರಕ್ಕೆ 40,000ದ ಪಕ್ಕ ಆ 4 ಕಾಣುವುದೇ ಇಲ್ಲ. ವರ್ಗಮೂಲ 200 ಎನ್ನುತ್ತದೆ. 200ರಲ್ಲಿ 200 ಕಳೆದು ಚಿಕ್ಕ ಮೂಲ ಸೊನ್ನೆ ಎಂದು ಘೋಷಿಸುತ್ತದೆ. ಸೊನ್ನೆಯನ್ನು ಸಮೀಕರಣಕ್ಕೆ ಹಾಕಿದರೆ 1 ಉಳಿಯುತ್ತದೆ! ಎರಡು ಮೂಲಗಳ ಗುಣಲಬ್ಧ 1 ಎಂದು ನೆನಪಿರುವವರು ದೊಡ್ಡ ಮೂಲ 200 ಅನ್ನು ಮೊದಲು ಪಡೆದು, 1ನ್ನು ಅದರಿಂದ ಭಾಗಿಸುತ್ತಾರೆ. 0.005, ನಾಲ್ಕಂಕಿಯ ಮಟ್ಟಿಗೆ ಚೊಕ್ಕ ಉತ್ತರ, ಅದೇ ಯಂತ್ರದಿಂದ.

ಈಗಿನ ಪೈಥಾನ್ ಹದಿನೈದು-ಹದಿನಾರು ಅಂಕಿ ಹಿಡಿಯುತ್ತದೆ, ಇನ್ನೇಕೆ ಈ ಚಿಂತೆ ಎನ್ನಬಹುದು. 200ರ ಜಾಗದಲ್ಲಿ 200 ಕೋಟಿ ಇಟ್ಟು ಅದೇ ಸೂತ್ರ ಬರೆಯಿರಿ, ಪೈಥಾನೂ ಸೊನ್ನೆಯನ್ನೇ ಕೊಡುತ್ತದೆ. ಜಗತ್ಪ್ರಸಿದ್ಧ ‘ನ್ಯೂಮರಿಕಲ್ ರೆಸಿಪೀಸ್’ (1986) ಪುಸ್ತಕವೂ ಈ ಎಚ್ಚರಿಕೆಯನ್ನು ಹೇಳದೆ ಬಿಟ್ಟಿಲ್ಲ; ಆದರೆ ಸಿದ್ಧ ಕೋಡ್ ಕೈಗಿಟ್ಟ ಮೇಲೆ ಸುತ್ತಲಿನ ವಿವರಣೆಯನ್ನು ಎಷ್ಟು ಜನ ಓದುತ್ತಾರೆ ಎಂಬುದು ನನ್ನ ಅನುಮಾನ. ಸಬ್ಜೆಕ್ಟ್ ಉಳಿಸಿಕೊಂಡವರಿಗೆ ಮೊದಲು ಪಾಸಾಗುವ ದಾರಿ ಬೇಕು ಎಂಬ ಆಕ್ಷೇಪಕ್ಕೆ ಹೆಚ್ಚು ತೂಕವಿದೆ. ಅದನ್ನು ಒಪ್ಪುತ್ತೇನೆ, ಆದರೂ ಈ ಯಂತ್ರದ ಪಾಠಕ್ಕೆ ಬೇಕಾದದ್ದು ಒಂದು ಪೀರಿಯಡ್ಡು ಮಾತ್ರ.

ಇದು ಬರೀ ಪುಸ್ತಕದ ಲೆಕ್ಕವೂ ಅಲ್ಲ. ಪಕ್ಕದ ಕೆಆರ್‌ಎಸ್‌ ಜಲಾಶಯದ ಸಾಮರ್ಥ್ಯ 49.45 ಟಿಎಂಸಿ, ಸರಿಯಾಗಿ ನಾಲ್ಕಂಕಿ. ಅದರ ಕೊನೆಯ ಅಂಕಿಯ ಒಂದು ಮೆಟ್ಟಿಲೆಂದರೆ ಒಂದು ಕೋಟಿ ಘನ ಅಡಿ. ನೂರು ಕ್ಯುಸೆಕ್ ನೀರು ದಿನವಿಡೀ ಹರಿದರೂ 86.4 ಲಕ್ಷ ಘನ ಅಡಿಯಷ್ಟೇ. ಹೀಗೆ ನಾಲ್ಕಂಕಿಯಲ್ಲಿ ಬರೆದ ನಿನ್ನೆಯ ಸಂಗ್ರಹದಿಂದ ಇಂದಿನದನ್ನು ಕಳೆದರೆ, ಅಷ್ಟು ನೀರು ಹೋಗಿದ್ದರೂ ಉತ್ತರ ಸೊನ್ನೆ ಬರಬಹುದು.